ಇಸ್ಲಾಂ ಧರ್ಮದ ಹುಟ್ಟು ಮತ್ತು ಮೂಲ ಆಚರಣೆಗಳು: ಹಂತ ಹಂತವಾಗಿ ತಿಳಿಯಲು ಒಂದು ಸಮಗ್ರ ಮಾರ್ಗದರ್ಶಿ

ಇಸ್ಲಾಮಿನ ಪರಿಚಯ ಮಾಡಿಕೊಡುವ ಬರಹಗಳು ಸಾಮಾನ್ಯವಾಗಿ ಐದು ಸ್ತಂಭಗಳ (ನಂಬಿಕೆಯ ಸಾಕ್ಷ್ಯ, ನಮಾಜ್, ಉಪವಾಸ, ಜಕಾತ್, ಹಜ್) ಪಟ್ಟಿಯಿಂದ ಆರಂಭವಾಗಿ ಅಲ್ಲಿಯೇ ಮುಗಿದುಬಿಡುತ್ತವೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡವರಿಗೂ ಶುಕ್ರವಾರ ಮಧ್ಯಾಹ್ನ ಎದುರಿನ ಅಂಗಡಿಯವರು ಬಾಗಿಲೆಳೆದು ಹೋಗುವುದೇಕೆ, ಹಬ್ಬದ ರಜೆ ಹಿಂದಿನ ರಾತ್ರಿಯವರೆಗೂ ನಿಶ್ಚಯವಾಗದಿರುವುದೇಕೆ, ಒಂದೇ ಊರಿನ ಎರಡು ಮಸೀದಿಗಳಲ್ಲಿ ಸಂಜೆಯ ಬಾಂಗು ಮುಕ್ಕಾಲು ಗಂಟೆ ಹಿಂದುಮುಂದಾಗುವುದೇಕೆ ಎಂಬುದು ತಿಳಿದಿರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಈ ಧರ್ಮದ ಒಳಗೆ ಹೋಗಲು ಕಾಲಗಣನೆಯೇ ಸುಲಭದ ಬಾಗಿಲು ಎಂಬುದು ನನ್ನ ಅಭಿಪ್ರಾಯ. ನಮಾಜ್ ದಿನಕ್ಕೆ ಐದು ಸಲ ಬರುತ್ತದೆ, ಶುಕ್ರವಾರದ ಸಾಮೂಹಿಕ ನಮಾಜಾದ ಜುಮಾ ವಾರಕ್ಕೊಮ್ಮೆ, ಉಪವಾಸ ಮತ್ತು ಸಂಪತ್ತಿನಲ್ಲಿ ಬಡವರ ಪಾಲಾದ ಜಕಾತ್ ವರ್ಷಕ್ಕೊಮ್ಮೆ, ಹಜ್ ಬಾಳಿಗೊಮ್ಮೆ. ಸೂರ್ಯನ ನೆರಳನ್ನೂ ಚಂದ್ರನ ಕಲೆಯನ್ನೂ ಅಳೆದು ಇಡೀ ಬದುಕನ್ನು ಜೋಡಿಸಿಕೊಂಡಿರುವ ಈ ಕ್ರಮವನ್ನು ಹಿಡಿದು ಹೊರಟರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪಾಠ ಹೇಳುವ ಶಿಕ್ಷಕರು, ವಿದ್ಯಾರ್ಥಿಗಳು, ನೆರೆಮನೆಯವರ ಆಚರಣೆಯನ್ನು ಸರಿಯಾಗಿ ತಿಳಿಯಬೇಕೆನ್ನುವವರು ಮತ್ತು ಈ ಧರ್ಮದಲ್ಲಿಯೇ ಹುಟ್ಟಿ ಕನ್ನಡದಲ್ಲಿ ಓದಬಯಸುವವರು ಈ ಬರಹವನ್ನು ಬಳಸಬಹುದು. ಅರಬ್ಬಿ ಪದಗಳನ್ನು ನಮ್ಮಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಬರೆಯುತ್ತಾರೆ. ನಮಾಝ್, ನಮಾಜ್ ಎರಡೂ ಒಂದೇ. ಕರಾವಳಿಯ ಬ್ಯಾರಿ ಮನೆಗಳಲ್ಲಿ ಮಸೀದಿಗೆ ಪಳ್ಳಿ, ಉಪವಾಸಕ್ಕೆ ನೋಂಬು, ಹಬ್ಬಕ್ಕೆ ಪೆರ್ನಾಲ್ ಎನ್ನುತ್ತಾರೆ ಎಂಬುದೂ ನೆನಪಿನಲ್ಲಿರಲಿ.

ಮೊದಲ ಹಂತ: ಏಳನೆಯ ಶತಮಾನದ ಮಕ್ಕಾವನ್ನು ಕಣ್ಣ ಮುಂದೆ ತಂದುಕೊಳ್ಳಿ

ಮಕ್ಕಾ ಬೇಸಾಯಕ್ಕೆ ಒದಗುವ ನೆಲವಲ್ಲ. ಬೋಳುಗುಡ್ಡಗಳ ನಡುವಿನ ಒಣ ಕಣಿವೆಯಲ್ಲಿದ್ದ ಆ ಊರನ್ನು ಜಮ್‌ಜಮ್ ಬಾವಿಯ ನೀರು, ಕಾಬಾ ಎಂಬ ಘನಾಕೃತಿಯ ಆಲಯಕ್ಕೆ ಬರುತ್ತಿದ್ದ ಯಾತ್ರಿಕರು ಮತ್ತು ಒಂಟೆಗಳ ಮೇಲೆ ಸರಕು ಹೇರಿಕೊಂಡು ಯೆಮೆನ್ ಹಾಗೂ ಸಿರಿಯಾಗಳ ನಡುವೆ ಓಡಾಡುತ್ತಿದ್ದ ವ್ಯಾಪಾರ ಸಾಕುತ್ತಿದ್ದವು. ಕಾಬಾದ ಸುತ್ತ ಹಲವು ಬುಡಕಟ್ಟುಗಳ ದೇವತಾಮೂರ್ತಿಗಳಿದ್ದವು, ಅದರ ಉಸ್ತುವಾರಿ ಕುರೈಶ್ ಬುಡಕಟ್ಟಿನ ಕೈಯಲ್ಲಿತ್ತು. ಆ ಬುಡಕಟ್ಟಿನ ಹಾಶಿಮ್ ಕುಲದಲ್ಲಿ ಸುಮಾರು 570ರಲ್ಲಿ ಮುಹಮ್ಮದ್ ಹುಟ್ಟಿದರು. ತಂದೆ ಅಬ್ದುಲ್ಲಾ ಮಗ ಹುಟ್ಟುವ ಮೊದಲೇ ತೀರಿಕೊಂಡಿದ್ದರು, ತಾಯಿ ಆಮಿನಾ ಮಗನಿಗೆ ಆರು ವರ್ಷವಾಗಿದ್ದಾಗ ತೀರಿಕೊಂಡರು. ಅಜ್ಜ ಅಬ್ದುಲ್ ಮುತ್ತಲಿಬ್, ಅವರ ನಂತರ ದೊಡ್ಡಪ್ಪ ಅಬೂ ತಾಲಿಬ್ ಅವರನ್ನು ಸಾಕಿದರು. ಅನಾಥರ ಆಸ್ತಿಯನ್ನು ಮುಟ್ಟಬಾರದೆಂದು ಕುರ್‌ಆನ್ ಮತ್ತೆ ಮತ್ತೆ ಎಚ್ಚರಿಸುವುದನ್ನು ಓದುವಾಗ ಈ ಬಾಲ್ಯ ನೆನಪಾಗದೆ ಇರದು.

ಯುವಕ ಮುಹಮ್ಮದ್, ವಿಧವೆಯೂ ವರ್ತಕಿಯೂ ಆಗಿದ್ದ ಖದೀಜಾ ಅವರ ಸರಕು ಒಯ್ಯುವ ಕೆಲಸ ಮಾಡಿ ಅವರ ನಂಬಿಕೆ ಗಳಿಸಿದರು, ಮುಂದೆ ಅವರನ್ನೇ ಮದುವೆಯಾದರು. ನಲವತ್ತರ ವಯಸ್ಸಿನಲ್ಲಿ, 610ರ ರಂಜಾನ್ ತಿಂಗಳಿನಲ್ಲಿ, ಮಕ್ಕಾದ ಹೊರಗಿನ ನೂರ್ ಬೆಟ್ಟದ ಹಿರಾ ಗುಹೆಯಲ್ಲಿ ಧ್ಯಾನಕ್ಕೆ ಕುಳಿತಿದ್ದಾಗ ಜಿಬ್ರೀಲ್ ದೇವದೂತರಿಂದ ಮೊದಲ ದೇವವಾಣಿ ಬಂತೆಂದು ಮುಸ್ಲಿಮರು ನಂಬುತ್ತಾರೆ. ಅದರ ಮೊದಲ ಮಾತು ‘ಇಕ್ರಅ್’, ಅಂದರೆ ಓದು ಎಂಬ ಆಜ್ಞೆ. ನಡುಗುತ್ತ ಮನೆಗೆ ಬಂದವರಿಗೆ ಹೊದಿಕೆ ಹೊದಿಸಿ ಧೈರ್ಯ ಹೇಳಿದ ಖದೀಜಾ ಅವರೇ ಅವರನ್ನು ಮೊದಲು ನಂಬಿದವರು.

ದೇವರೊಬ್ಬನೇ, ಅವನಿಗೆ ಪಾಲುದಾರರಿಲ್ಲ, ಸತ್ತ ಮೇಲೆ ಪ್ರತಿಯೊಬ್ಬರೂ ಲೆಕ್ಕ ಒಪ್ಪಿಸಬೇಕು ಎಂಬ ಬೋಧನೆ ಕುರೈಶರಿಗೆ ಎರಡು ಕಡೆಯಿಂದ ನಾಟಿತು. ಅದು ಹಿರಿಯರ ದಾರಿಯನ್ನು ತಪ್ಪೆಂದಿತು, ಜೊತೆಗೆ ಯಾತ್ರೆಯ ವರಮಾನಕ್ಕೂ ಕುತ್ತು ತರುವಂತಿತ್ತು. ಕಿರುಕುಳ ಹೆಚ್ಚಿದಾಗ 615ರ ಸುಮಾರಿಗೆ ಅನುಯಾಯಿಗಳ ಒಂದು ಗುಂಪು ಕಡಲು ದಾಟಿ ಅಬಿಸೀನಿಯಾದ ಕ್ರೈಸ್ತ ದೊರೆಯ ಆಶ್ರಯ ಪಡೆಯಿತು. 619ರಲ್ಲಿ ಖದೀಜಾ ಮತ್ತು ಅಬೂ ತಾಲಿಬ್ ಇಬ್ಬರೂ ತೀರಿಕೊಂಡರು. ಕಾಯುವವರಿಲ್ಲದ ಆ ಸ್ಥಿತಿಯಲ್ಲಿ ಉತ್ತರದ ಯಸ್ರಿಬ್ ಪಟ್ಟಣದವರು ಕರೆ ಕೊಟ್ಟರು. 622ರಲ್ಲಿ ಪ್ರವಾದಿ, ಗೆಳೆಯ ಅಬೂಬಕ್ಕರ್ ಅವರೊಡನೆ ಸೌರ್ ಗುಹೆಯಲ್ಲಿ ಅಡಗಿದ್ದು ಬಳಿಕ ಆ ಊರು ಸೇರಿದರು. ಈ ವಲಸೆಯೇ ಹಿಜ್ರಾ, ಆ ಊರೇ ಮುಂದೆ ಮದೀನಾ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪ್ರವಾದಿಯ ನಂತರ ಸಮುದಾಯವನ್ನು ನಡೆಸಿದ ಖಲೀಫರಲ್ಲಿ ಎರಡನೆಯವರಾದ ಉಮರ್ ಅವರ ಕಾಲದಲ್ಲಿ ಶಕೆಯೊಂದನ್ನು ಗೊತ್ತುಮಾಡುವಾಗ ಪ್ರವಾದಿಯ ಹುಟ್ಟನ್ನಾಗಲಿ ಮೊದಲ ದೇವವಾಣಿಯನ್ನಾಗಲಿ ಆರಂಭವೆಂದು ಹಿಡಿಯದೆ, ಊರು ಬಿಟ್ಟು ಹೋದ ವರ್ಷವನ್ನು ಹಿಡಿದರು. ನಂಬಿಕೆ ಮಕ್ಕಾದಲ್ಲಿ ಹುಟ್ಟಿದರೂ ಆ ನಂಬಿಕೆಯವರು ಒಂದು ಸಮುದಾಯವಾಗಿ ಕೂಡಿ ಬಾಳಿದ್ದು ಮದೀನಾದಲ್ಲಿ. ಸಾಮೂಹಿಕ ನಮಾಜ್, ಬಾಂಗು, ರಂಜಾನ್ ಉಪವಾಸ, ಜಕಾತಿನ ವ್ಯವಸ್ಥೆ ಎಲ್ಲವೂ ರೂಪ ಪಡೆದದ್ದು ಅಲ್ಲಿಯೇ. ನಮಾಜಿನ ದಿಕ್ಕು ಜೆರುಸಲೇಮಿನಿಂದ ಮಕ್ಕಾದ ಕಡೆಗೆ ತಿರುಗಿದ್ದೂ ಅಲ್ಲಿಯೇ, 624ರಲ್ಲಿ.

ಮುಂದಿನ ಘಟನೆಗಳನ್ನು ಬೇಗ ದಾಟಬಹುದು: ಮಕ್ಕಾದವರೊಡನೆ 624ರಲ್ಲಿ ಬದ್ರ್, 625ರಲ್ಲಿ ಉಹುದ್, 627ರಲ್ಲಿ ಕಂದಕದ ಕಾಳಗಗಳು, 628ರಲ್ಲಿ ಹುದೈಬಿಯಾ ಒಪ್ಪಂದ, 630ರಲ್ಲಿ ಮಕ್ಕಾ ವಶ ಮತ್ತು ಕಾಬಾದೊಳಗಿನ ಮೂರ್ತಿಗಳ ತೆರವು, 632ರಲ್ಲಿ ವಿದಾಯದ ಹಜ್, ಅದೇ ವರ್ಷ ಮದೀನಾದಲ್ಲಿ ಪ್ರವಾದಿಯ ಮರಣ. ಬಳಿಕ ಅಬೂಬಕ್ಕರ್, ಉಮರ್, ಉಸ್ಮಾನ್ ಮತ್ತು ಅಬೂ ತಾಲಿಬರ ಮಗ ಅಲಿ ಕ್ರಮವಾಗಿ ಖಲೀಫರಾದರು. ಉತ್ತರಾಧಿಕಾರ ಮೊದಲಿನಿಂದಲೇ ಅಲಿಯವರಿಗೆ ಮತ್ತು ಅವರ ಸಂತತಿಗೆ ಸಲ್ಲಬೇಕಿತ್ತು ಎಂದವರು ಶಿಯಾಗಳಾದರು, ನಡೆದ ಕ್ರಮವನ್ನು ಒಪ್ಪಿದವರು ಸುನ್ನಿಗಳಾದರು. 680ರಲ್ಲಿ, ಮೊಹರಂ ತಿಂಗಳ ಹತ್ತರಂದು, ಅಲಿಯವರ ಮಗನೂ ಪ್ರವಾದಿಯ ಮೊಮ್ಮಗನೂ ಆದ ಹುಸೈನ್ ಇರಾಕಿನ ಕರ್ಬಲಾದಲ್ಲಿ ಕೊಲ್ಲಲ್ಪಟ್ಟದ್ದು ಈ ಬಿರುಕನ್ನು ಆಳಗೊಳಿಸಿತು.

ಎರಡನೆಯ ಹಂತ: ಯಾವ ಮಾತಿಗೆ ಯಾವ ಆಧಾರ ಎಂಬುದನ್ನು ಬೇರ್ಪಡಿಸಿಕೊಳ್ಳಿ

ಸುಮಾರು 23 ವರ್ಷಗಳ ಕಾಲ ಬಿಡಿಬಿಡಿಯಾಗಿ ಬಂದ ದೇವವಾಣಿಗಳ ಸಂಗ್ರಹವೇ ಕುರ್‌ಆನ್. ಅದರಲ್ಲಿ ಸೂರಾ ಎಂಬ 114 ಅಧ್ಯಾಯಗಳಿವೆ. ಜೈದ್ ಬಿನ್ ಸಾಬಿತ್ ಎಂಬ ಲಿಪಿಕಾರರ ನೇತೃತ್ವದಲ್ಲಿ ಅದರ ಸಂಕಲನವಾಯಿತು, ಉಸ್ಮಾನರ ಕಾಲದಲ್ಲಿ ಒಂದೇ ಪಾಠ ಗೊತ್ತಾಗಿ ಬೇರೆ ಬೇರೆ ಪ್ರಾಂತ್ಯಗಳಿಗೆ ಪ್ರತಿಗಳು ಹೋದವು. ಮೊದಲ ಬಾರಿಗೆ ಕೈಗೆತ್ತಿಕೊಳ್ಳುವವರು ಕಥೆಯ ಪುಸ್ತಕದಂತೆ ಮೊದಲ ಪುಟದಿಂದ ಹೊರಟು ದಾರಿ ತಪ್ಪುತ್ತಾರೆ. ಸೂರಾಗಳನ್ನು ಕಾಲಕ್ರಮದಲ್ಲಿ ಜೋಡಿಸಿಲ್ಲ, ಹೆಚ್ಚುಕಡಿಮೆ ಉದ್ದದಿಂದ ಗಿಡ್ಡಕ್ಕೆ ಜೋಡಿಸಲಾಗಿದೆ. ಎರಡನೆಯದಾದ ಅಲ್ ಬಕರಾದಲ್ಲಿ 286 ಆಯತುಗಳು (ವಚನಗಳು) ಇದ್ದರೆ 108ನೆಯದಾದ ಅಲ್ ಕೌಸರ್‌ನಲ್ಲಿ ಇರುವುದು ಮೂರೇ. ಆದ್ದರಿಂದ ಮೊದಲನೆಯದಾದ, ಏಳು ಆಯತುಗಳ ಫಾತಿಹಾವನ್ನು ಓದಿಕೊಂಡು, ನೇರವಾಗಿ ಕೊನೆಯ ಗಿಡ್ಡ ಸೂರಾಗಳಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬರುವುದು ಒಳ್ಳೆಯದು. ಅವುಗಳಲ್ಲಿ ಬಹುಪಾಲು ಮಕ್ಕಾ ಕಾಲದವು, ಸಣ್ಣ ವಾಕ್ಯಗಳವು, ನಮಾಜಿನಲ್ಲಿ ದಿನವೂ ಕೇಳಿಸುವಂಥವು.

ಪ್ರವಾದಿಯ ನುಡಿ ಮತ್ತು ನಡೆಗಳ ವರದಿ ಹದೀಸ್. ಸುನ್ನಿಗಳು ಬುಖಾರಿ, ಮುಸ್ಲಿಂ ಮೊದಲಾದ ಆರು ಸಂಗ್ರಹಗಳಿಗೆ ಹೆಚ್ಚಿನ ಮನ್ನಣೆ ಕೊಡುತ್ತಾರೆ, ಶಿಯಾಗಳಿಗೆ ತಮ್ಮವೇ ಸಂಗ್ರಹಗಳಿವೆ. ನಮಾಜ್ ಮಾಡಬೇಕೆಂಬ ಆಜ್ಞೆ ಕುರ್‌ಆನಿನಲ್ಲಿದೆ. ಅದರಲ್ಲಿ ಎಷ್ಟು ರಕಅತ್ (ನಿಂತು, ಬಾಗಿ, ನೆಲಕ್ಕೆ ಮಣಿಯುವ ಒಂದು ಸುತ್ತು), ಯಾವಾಗ ಕೂರಬೇಕು ಎಂಬ ವಿವರ ಬರುವುದು ಹದೀಸಿನಿಂದ. ಎರಡನ್ನೂ ಇಟ್ಟುಕೊಂಡು ವಿಧಿಗಳನ್ನು ಬಿಡಿಸಿ ಹೇಳಿದ ಸುನ್ನಿ ಪಂಥಗಳು ನಾಲ್ಕು: ಹನಫಿ, ಮಾಲಿಕಿ, ಶಾಫಿ, ಹಂಬಲಿ. ಕರ್ನಾಟಕದವರಿಗೆ ಇದು ಪುಸ್ತಕದ ಮಾತಲ್ಲ. ದಖನಿ ಉರ್ದು ಮಾತಾಡುವ ಒಳನಾಡಿನ ಮುಸ್ಲಿಮರು ಹೆಚ್ಚಾಗಿ ಹನಫಿಗಳು. ಅರಬ್ಬಿ ಕಡಲಿನ ವ್ಯಾಪಾರದ ನಂಟು ಉಳ್ಳ ಮಂಗಳೂರಿನ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಗಳು. ಮುಂದೆ ಬರುವ ಹಲವು ಸಣ್ಣ ವ್ಯತ್ಯಾಸಗಳ ಬೇರು ಇಲ್ಲಿದೆ.

ಮೂರನೆಯ ಹಂತ: ನಂಬಿಕೆಯ ವಾಕ್ಯ

‘ಲಾ ಇಲಾಹ ಇಲ್ಲಲ್ಲಾಹ್, ಮುಹಮ್ಮದುರ್ ರಸೂಲುಲ್ಲಾಹ್’. ಅಲ್ಲಾಹನ ಹೊರತು ಆರಾಧನೆಗೆ ಅರ್ಹರು ಇಲ್ಲ, ಮುಹಮ್ಮದ್ ಅಲ್ಲಾಹನ ಸಂದೇಶವಾಹಕರು ಎಂದು ಇದರ ಅರ್ಥ. ತಿಳಿದು, ಮನಸಾರೆ ಈ ಸಾಕ್ಷ್ಯವನ್ನು ನುಡಿದವರು ಮುಸ್ಲಿಮರು. ಅಲ್ಲಾಹ್ ಎಂಬುದು ದೇವರಿಗೆ ಅರಬ್ಬಿಯಲ್ಲಿರುವ ಪದ, ಅರಬ್ಬಿ ಮಾತಾಡುವ ಕ್ರೈಸ್ತರೂ ಅದನ್ನೇ ಬಳಸುತ್ತಾರೆ. ದೇವರು, ದೇವದೂತರು, ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ ಮತ್ತು ವಿಧಿ ಎಂಬ ಆರರಲ್ಲಿ ವಿಶ್ವಾಸವಿಡುವುದನ್ನು ಸುನ್ನಿಗಳು ಈಮಾನ್ ಎನ್ನುತ್ತಾರೆ. ಪ್ರವಾದಿಗಳ ಸಾಲಿನಲ್ಲಿ ಆದಮ್, ಇಬ್ರಾಹಿಮ್, ಮೂಸಾ, ಈಸಾ ಬರುತ್ತಾರೆ, ಮುಹಮ್ಮದರು ಕೊನೆಯವರು. ಅವರು ಮನುಷ್ಯರು, ಆರಾಧ್ಯರಲ್ಲ. ಈ ಧರ್ಮವನ್ನು ‘ಮಹಮ್ಮದೀಯ’ ಎಂದು ಹಳೆಯ ಪಠ್ಯಗಳು ಕರೆದದ್ದು ಮುಸ್ಲಿಮರಿಗೆ ಒಪ್ಪಿಗೆಯಾಗದಿರುವುದು ಇದೇ ಕಾರಣಕ್ಕೆ.

ನಾಲ್ಕನೆಯ ಹಂತ: ದಿನದ ಲೆಕ್ಕ, ಅಂದರೆ ನಮಾಜ್

ಮೊದಲು ವೇಳೆ. ಮೂಡಣದಲ್ಲಿ ಅಡ್ಡಲಾಗಿ ಬಿಳುಪು ಹರಡಿದಾಗ, ನಮ್ಮ ಕಡೆ ಸೂರ್ಯೋದಯಕ್ಕೆ ಸುಮಾರು ಒಂದೂಕಾಲು ಗಂಟೆ ಮೊದಲು, ಫಜ್ರ್ ಶುರುವಾಗುತ್ತದೆ. ಸೂರ್ಯ ನೆತ್ತಿಯಿಂದ ಪಡುವಣಕ್ಕೆ ಜಾರಿದೊಡನೆ ಜುಹರ್, ಸೂರ್ಯ ಮುಳುಗಿದೊಡನೆ ಮಗ್ರಿಬ್, ಸಂಜೆಗೆಂಪು ಪೂರ್ತಿ ಆರಿದ ಮೇಲೆ ಇಶಾ. ನಡುವಿನ ಅಸರ್ ಮಾತ್ರ ಸ್ವಲ್ಪ ಗಣಿತ ಬೇಡುತ್ತದೆ. ಅದನ್ನು ಅಂಗಳದಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದು ಮೊಳದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನಲ್ಲಿ ಅದರ ನೆರಳು ಎಷ್ಟಿತ್ತೆಂದು ಗುರುತು ಮಾಡಿಕೊಳ್ಳಿ. ಆ ನೆರಳನ್ನು ಕಳೆದು, ಬೆಳೆದ ನೆರಳು ಒಂದು ಮೊಳವಾದಾಗ ಶಾಫಿಗಳಿಗೆ ಅಸರ್ ಆಯಿತು, ಎರಡು ಮೊಳವಾದಾಗ ಹನಫಿಗಳಿಗೆ ಆಯಿತು. ಎರಡೂ ಪಂಥದ ಮಸೀದಿಗಳಿರುವ ಪಟ್ಟಣದಲ್ಲಿ ಅಸರ್ ಬಾಂಗು ಎರಡು ಹೊತ್ತಿನಲ್ಲಿ ಕೇಳಿಸುವುದಕ್ಕೆ ಈ ಒಂದು ಮೊಳವೇ ಕಾರಣ. ಈಗ ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿಯೂ ಮೊಬೈಲಿನ ಆ್ಯಪೂ ಈ ಲೆಕ್ಕವನ್ನು ಮಾಡಿಕೊಡುತ್ತವೆ, ಆದರೂ ಕೋಲು ನೆಟ್ಟು ನೋಡಿದವರಿಗೆ ಮರೆಯುವುದಿಲ್ಲ.

ವೇಳೆಯಾದದ್ದನ್ನು ಸಾರುವುದು ಅಜಾನ್, ಆಡುಮಾತಿನಲ್ಲಿ ಬಾಂಗು. ಅದು ಸ್ವತಃ ನಮಾಜ್ ಅಲ್ಲ, ಬನ್ನಿ ಎಂಬ ಕರೆ. ದೇವರು ಮಹಾನನೆಂಬ ಘೋಷ, ಸಾಕ್ಷ್ಯದ ಎರಡು ಮಾತು, ನಮಾಜಿಗೆ ಬನ್ನಿ, ಯಶಸ್ಸಿಗೆ ಬನ್ನಿ ಎಂಬ ಕರೆ ಅದರಲ್ಲಿವೆ. ಸುನ್ನಿಗಳ ಫಜ್ರ್ ಬಾಂಗಿನಲ್ಲಿ ‘ನಿದ್ದೆಗಿಂತ ನಮಾಜ್ ಮೇಲು’ ಎಂಬ ಒಂದು ಸಾಲು ಹೆಚ್ಚು. ಮೊದಲ ಬಾಂಗು ಕೊಟ್ಟವರು ಬಿಲಾಲ್, ಗುಲಾಮಗಿರಿಯಿಂದ ಬಿಡುಗಡೆ ಪಡೆದ ಅಬಿಸೀನಿಯಾ ಮೂಲದವರು.

ನಂತರ ಶುದ್ಧಿ. ವುಜೂ ಇಲ್ಲದೆ ನಮಾಜ್ ಸಲ್ಲುವುದಿಲ್ಲ. ಮುಖ, ಮೊಣಕೈವರೆಗೆ ಕೈಗಳು, ತಲೆ, ಗಂಟಿನವರೆಗೆ ಪಾದಗಳು ಎಂದು ಕುರ್‌ಆನಿನ ಐದನೆಯ ಸೂರಾ ನಾಲ್ಕು ಅಂಗಗಳನ್ನು ಹೆಸರಿಸುತ್ತದೆ. ಸುನ್ನತ್, ಅಂದರೆ ಪ್ರವಾದಿಯ ನಡೆ, ಸೇರಿ ಕ್ರಮ ಸ್ವಲ್ಪ ದೊಡ್ಡದಾಗಿದೆ. ಮನಸ್ಸಿನಲ್ಲಿ ಸಂಕಲ್ಪ ಮಾಡಿ ಬಿಸ್ಮಿಲ್ಲಾ ಹೇಳಿ, ಮಣಿಕಟ್ಟಿನವರೆಗೆ ಕೈಗಳನ್ನು ಮೂರು ಸಲ ತೊಳೆಯಬೇಕು. ಮೂರು ಸಲ ಬಾಯಿ ಮುಕ್ಕಳಿಸಿ, ಮೂರು ಸಲ ಮೂಗಿಗೆ ನೀರೆಳೆದು ಹೊರಬಿಡಬೇಕು. ಹಣೆಯ ಕೂದಲಂಚಿನಿಂದ ಗಲ್ಲದ ಕೆಳಗಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಮುಖವನ್ನು ಮೂರು ಸಲ, ಬಳಿಕ ಮೊದಲು ಬಲಗೈ ಆಮೇಲೆ ಎಡಗೈಯನ್ನು ಮೊಣಕೈ ಸೇರಿಸಿ ಮೂರು ಮೂರು ಸಲ ತೊಳೆಯಬೇಕು. ಒದ್ದೆ ಕೈಯಿಂದ ತಲೆಯನ್ನೂ ಕಿವಿಗಳನ್ನೂ ಸವರಿ, ಕೊನೆಗೆ ಬೆರಳಸಂದು ಬಿಡದಂತೆ ಪಾದಗಳನ್ನು ತೊಳೆಯಬೇಕು. ಹಳೆಯ ಮಸೀದಿಗಳಲ್ಲಿ ಹೌಜ್ ಎಂಬ ನೀರಿನ ಕೊಳದ ಅಂಚಿನಲ್ಲಿ ಕುಳಿತು ವುಜೂ ಮಾಡುವ ಹಿರಿಯರನ್ನು ಗಮನಿಸಿದರೆ ಎರಡು ನಿಮಿಷದೊಳಗೆ ಒಂದು ತಂಬಿಗೆಯಷ್ಟು ನೀರಿನಲ್ಲಿ ಇಷ್ಟೂ ಮುಗಿದಿರುತ್ತದೆ. ನಲ್ಲಿಯನ್ನು ಭೋರೆಂದು ಬಿಟ್ಟುಕೊಂಡು ಮಾಡುವುದನ್ನು ಧರ್ಮವೇ ಮೆಚ್ಚುವುದಿಲ್ಲ. ನೀರು ಸಿಗದಿದ್ದರೆ ಅಥವಾ ಕಾಯಿಲೆಯಿಂದ ನೀರು ಮುಟ್ಟಬಾರದಿದ್ದರೆ ಶುದ್ಧ ಮಣ್ಣಿನಿಂದ ಮುಖ ಮತ್ತು ಕೈ ಸವರಿಕೊಳ್ಳುವ ತಯಮ್ಮುಮ್ ಇದೆ. ಮಲಮೂತ್ರ ವಿಸರ್ಜನೆ, ಗಾಢ ನಿದ್ದೆ ಮೊದಲಾದವುಗಳಿಂದ ವುಜೂ ಮುರಿಯುತ್ತದೆ. ದಾಂಪತ್ಯ ಸಂಪರ್ಕದ ನಂತರ ಮತ್ತು ಮುಟ್ಟು ನಿಂತ ಮೇಲೆ ಪೂರ್ಣ ಸ್ನಾನ ಬೇಕು, ಅದು ಗುಸ್ಲ್.

ಮೂರನೆಯದು ದಿಕ್ಕು. ಕರ್ನಾಟಕದಿಂದ ಕಾಬಾ ಪಶ್ಚಿಮಕ್ಕಿದೆ ಎನ್ನುವುದು ಸಾಮಾನ್ಯ ಮಾತು. ನಿಖರವಾಗಿ ಹೇಳಬೇಕಾದರೆ ಬೆಂಗಳೂರಿನಿಂದ ಅದು ಪಶ್ಚಿಮಕ್ಕಿಂತ 18 ಡಿಗ್ರಿಯಷ್ಟು ಉತ್ತರಕ್ಕೆ ವಾಲಿದೆ. ಈ ದಿಕ್ಕೇ ಕಿಬ್ಲಾ, ಅದನ್ನು ತೋರಿಸಲು ಮಸೀದಿಯ ಗೋಡೆಯಲ್ಲಿ ಮಾಡಿದ ಕಮಾನಿನ ಗೂಡೇ ಮಿಹ್ರಾಬ್. ಅಲ್ಲಿ ಯಾವ ಮೂರ್ತಿಯೂ ಇರುವುದಿಲ್ಲ. ಮುಸ್ಲಿಮರು ಕಾಬಾವನ್ನು ಪೂಜಿಸುತ್ತಾರೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅದು ಎಲ್ಲರೂ ಒಂದೇ ಕಡೆ ಮುಖ ಮಾಡಲು ಇಟ್ಟುಕೊಂಡ ಕೇಂದ್ರ ಮಾತ್ರ.

ಇನ್ನು ನಮಾಜಿನ ಘಟಕವಾದ ರಕಅತ್. ಅದು ಹೀಗೆ ಸಾಗುತ್ತದೆ:

1. ನೆಟ್ಟಗೆ ನಿಂತು, ಕೈಗಳನ್ನೆತ್ತಿ ‘ಅಲ್ಲಾಹು ಅಕ್ಬರ್’ ಎಂದು ಹೇಳಿ ಕೈಕಟ್ಟುವುದು. ಹನಫಿ ಗಂಡಸರು ಹೊಕ್ಕುಳ ಕೆಳಗೆ, ಶಾಫಿಗಳು ಹೊಕ್ಕುಳ ಮೇಲೆ ಎದೆಯ ಕೆಳಗೆ ಕಟ್ಟುತ್ತಾರೆ. ಶಿಯಾಗಳು ಕೈಗಳನ್ನು ಇಳಿಬಿಡುತ್ತಾರೆ.
2. ಫಾತಿಹಾ ಓದುವುದು, ಮೊದಲ ಎರಡು ರಕಅತ್‌ಗಳಲ್ಲಿ ಅದಕ್ಕೆ ಇನ್ನೊಂದು ಸೂರಾ ಅಥವಾ ಕೆಲವು ಆಯತುಗಳನ್ನು ಸೇರಿಸುವುದು.
3. ರುಕೂ: ಮೊಣಕಾಲು ಹಿಡಿದು ಬೆನ್ನು ಸಮನಾಗಿ ಬಾಗಿ ‘ಸುಬ್‌ಹಾನ ರಬ್ಬಿಯಲ್ ಅಜೀಮ್’ ಎಂದು ಮೂರು ಸಲ ಹೇಳಿ, ಮತ್ತೆ ನೆಟ್ಟಗಾಗುವುದು.
4. ಸಜ್ದಾ: ಮೂಗು ಸೇರಿ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳು ಎಂಬ ಏಳು ಅಂಗಗಳನ್ನು ನೆಲಕ್ಕೂರಿ ‘ಸುಬ್‌ಹಾನ ರಬ್ಬಿಯಲ್ ಅಅ್‌ಲಾ’ ಎನ್ನುವುದು. ನಡುವೆ ತುಸು ಕುಳಿತು ಎರಡನೆಯ ಸಜ್ದಾ.

ಎರಡು ರಕಅತ್ ಆದ ಮೇಲೆ ಮತ್ತು ಕೊನೆಯಲ್ಲಿ ಕುಳಿತು ತಶಹ್ಹುದ್ ಎಂಬ ಸಾಕ್ಷ್ಯದ ಪ್ರಾರ್ಥನೆ ಓದಿ, ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಮ್ ಹೇಳಿದರೆ ನಮಾಜ್ ಮುಗಿಯಿತು. ಕಡ್ಡಾಯವಾದ ರಕಅತ್‌ಗಳು ಫಜ್ರಿಗೆ 2, ಜುಹರಿಗೆ 4, ಅಸರಿಗೆ 4, ಮಗ್ರಿಬಿಗೆ 3, ಇಶಾಕ್ಕೆ 4, ಒಟ್ಟು 17. ಇವು ಫರ್ಜ್, ಇವುಗಳ ಹಿಂದೆ ಮುಂದೆ ಮಾಡುವ ಸುನ್ನತ್‌ಗಳು ಬೇರೆ. ದೂರದ ಪ್ರಯಾಣದಲ್ಲಿ ನಾಲ್ಕರದ್ದು ಎರಡಕ್ಕೆ ಇಳಿಯುತ್ತದೆ, ನಿಲ್ಲಲಾರದವರು ಕುಳಿತು, ಕೂರಲಾರದವರು ಮಲಗಿಯೂ ಮಾಡಬಹುದು. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಜ್ ಇಲ್ಲ, ತಪ್ಪಿದ್ದನ್ನು ಮತ್ತೆ ತೀರಿಸಬೇಕಾಗಿಯೂ ಇಲ್ಲ.

ಶುಕ್ರವಾರ ಜುಹರಿನ ಬದಲು ಜುಮಾ. ಇಮಾಮರು ಮಿಂಬರ್ ಮೆಟ್ಟಿಲೇರಿ ಖುತ್ಬಾ ಎಂಬ ಪ್ರವಚನ ಮಾಡಿದ ಬಳಿಕ ಎರಡು ರಕಅತ್. ಇದು ಜಮಾಅತ್ತಿನಲ್ಲಿಯೇ, ಅಂದರೆ ಗುಂಪಾಗಿ ನಿಂತೇ ಆಗಬೇಕು, ಮನೆಯಲ್ಲಿ ಒಬ್ಬರೇ ಮಾಡಲಾಗದು. ಅಂಗಡಿ ಬಾಗಿಲು ಎಳೆಯುವುದು ಅದಕ್ಕಾಗಿ. ಸಾಲು ನಿಲ್ಲುವ ಶಿಸ್ತನ್ನು ಕಣ್ಣಾರೆ ತಿಳಿಯಬೇಕೆನ್ನುವವರು ವಿಜಯಪುರದ ಜಾಮಿಯಾ ಮಸೀದಿಗೆ ಹೋಗಬೇಕು. ಅಲ್ಲಿನ ನೆಲದ ಉದ್ದಕ್ಕೂ ಒಬ್ಬೊಬ್ಬರಿಗೆ ಒಂದರಂತೆ, ನಮಾಜಿನ ಚಾಪೆಯಷ್ಟು ಅಳತೆಯ ಚೌಕಗಳನ್ನು ಕಪ್ಪು ಗೆರೆಗಳಿಂದ ಬಿಡಿಸಿದ್ದಾರೆ, ಎದುರಿಗೆ ಚಿನ್ನದ ಬಣ್ಣದ ಬರಹಗಳಿಂದ ತುಂಬಿದ ಮಿಹ್ರಾಬ್ ಇದೆ. ಖಾಲಿ ಹೊತ್ತಿನಲ್ಲಿಯೂ ಆ ಚೌಕಗಳು ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿರುವಂತೆಯೇ ಕಾಣುತ್ತವೆ.

ಐದನೆಯ ಹಂತ: ಚಂದ್ರನ ವರ್ಷ ಮತ್ತು ರಂಜಾನ್

ಹಿಜರಿ ವರ್ಷ ಶುದ್ಧ ಚಾಂದ್ರಮಾನ. ನಮ್ಮ ಯುಗಾದಿಯ ಪಂಚಾಂಗದಲ್ಲಿ ಅಧಿಕಮಾಸ ಬಂದು ಋತುಗಳಿಗೆ ಹೊಂದಿಸಿಕೊಡುತ್ತದೆ, ಹಿಜರಿಯಲ್ಲಿ ಅಧಿಕಮಾಸವಿಲ್ಲ. ವರ್ಷಕ್ಕೆ 354 ಅಥವಾ 355 ದಿನ ಮಾತ್ರ ಇರುವುದರಿಂದ ಹಬ್ಬಗಳು ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ಆದ್ದರಿಂದಲೇ ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಬೇಸಿಗೆಯ ರಂಜಾನನ್ನೂ ಮಳೆಗಾಲದ ರಂಜಾನನ್ನೂ ಕಾಣುತ್ತಾನೆ. ತಿಂಗಳು 29ಕ್ಕೋ 30ಕ್ಕೋ ಮುಗಿಯುವುದು ಬಾಲಚಂದ್ರ ಕಂಡದ್ದರ ಮೇಲೆ ನಿಂತಿದೆ. ಕರಾವಳಿಯ ಖಾಜಿಗಳು ಕೇರಳದ ಚಂದ್ರದರ್ಶನವನ್ನು ಅನುಸರಿಸುವುದು ರೂಢಿ. 2024ರಲ್ಲಿ ಮಂಗಳೂರು, ಉಡುಪಿಗಳಲ್ಲಿ ಏಪ್ರಿಲ್ 10ರಂದು ಈದುಲ್ ಫಿತ್ರ್ (ರಂಜಾನ್ ಹಬ್ಬ) ಆದರೆ ಬೆಂಗಳೂರಿನಲ್ಲಿ 11ರಂದು ಆಯಿತು. ಕ್ಯಾಲೆಂಡರಿನಲ್ಲಿ ಅಚ್ಚಾದ ದಿನಾಂಕವನ್ನು ಅಂದಾಜು ಎಂದಷ್ಟೇ ತಿಳಿಯಬೇಕು.

ಉಪವಾಸ ಫಜ್ರಿನಿಂದ ಮಗ್ರಿಬಿನವರೆಗೆ. ನೀರೂ ಸೇರಿ ಯಾವ ಅನ್ನಪಾನವೂ, ಧೂಮಪಾನವೂ, ದಾಂಪತ್ಯ ಸಂಪರ್ಕವೂ ಇಲ್ಲ. ಬೆಳಗಿಗೆ ಮೊದಲಿನ ಊಟ ಸಹರಿ, ಬಾಂಗು ಕೇಳಿದ ಮೇಲೆ ಅದನ್ನು ಮುಂದುವರಿಸುವಂತಿಲ್ಲ. ಸಂಜೆ ಖರ್ಜೂರ ಅಥವಾ ನೀರಿನಿಂದ ಉಪವಾಸ ಬಿಡುವುದು ಇಫ್ತಾರ್, ಅದನ್ನು ತಡಮಾಡಬಾರದು. ಮರೆತು ತಿಂದರೆ ಉಪವಾಸ ಮುರಿಯಿತೆಂದು ಬಹುತೇಕ ವಿದ್ವಾಂಸರು ಹೇಳುವುದಿಲ್ಲ. ನೆನಪಾದೊಡನೆ ನಿಲ್ಲಿಸಿದರೆ ಸಾಕು. ಕಾಯಿಲೆಯವರು, ಪ್ರಯಾಣಿಕರು, ಬಸುರಿ ಬಾಣಂತಿಯರು ಬಿಟ್ಟು ಆಮೇಲೆ ತೀರಿಸಬಹುದು. ಮುಟ್ಟಿನ ದಿನಗಳಲ್ಲಿ ಉಪವಾಸವಿಲ್ಲ, ಆದರೆ ನಮಾಜಿನಂತಲ್ಲದೆ ಇದನ್ನು ಬಳಿಕ ತೀರಿಸಲೇಬೇಕು. ತೀರ ಮುದುಕರು ಮತ್ತು ವಾಸಿಯಾಗದ ರೋಗಿಗಳು ದಿನಕ್ಕೊಬ್ಬ ಬಡವನಿಗೆ ಊಟದಂತೆ ಫಿದ್ಯಾ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕೇಳಬೇಕು. ಪ್ರಾಣಕ್ಕೆ ಅಪಾಯ ತಂದುಕೊಳ್ಳುವುದು ಪುಣ್ಯವಲ್ಲ.

ರಾತ್ರಿ ಇಶಾದ ನಂತರ ತರಾವೀಹ್ ನಮಾಜ್ ಇರುತ್ತದೆ. ಹೆಚ್ಚಿನ ಕಡೆ 20 ರಕಅತ್, ಕೆಲವು ಕಡೆ 8. ಹಲವು ಮಸೀದಿಗಳಲ್ಲಿ ಕುರ್‌ಆನ್ ಪೂರ್ತಿ ಕಂಠಸ್ಥವಾದ ಹಾಫಿಜರು ತಿಂಗಳೊಳಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುತ್ತಾರೆ. ಕುರ್‌ಆನ್ ಇಳಿದ ರಾತ್ರಿಯಾದ ಲೈಲತುಲ್ ಕದ್ರನ್ನು ಕೊನೆಯ ಹತ್ತು ದಿನಗಳ ಬೆಸ ರಾತ್ರಿಗಳಲ್ಲಿ ಹುಡುಕುತ್ತಾರೆ.

ಆರನೆಯ ಹಂತ: ಜಕಾತನ್ನು ಲೆಕ್ಕ ಹಾಕುವ ಬಗೆ

ಕನ್ನಡದ ಜಕಾತಿ, ಜಕಾತಿ ಕಟ್ಟೆ ಎಂಬ ಪದಗಳು ಇದೇ ಮೂಲದಿಂದ ಬಂದು ಸುಂಕ ಎಂಬ ಅರ್ಥಕ್ಕೆ ತಿರುಗಿದವು. ಇಸ್ಲಾಮಿನ ಜಕಾತ್ ಮಾತ್ರ ಸಂಪತ್ತಿನಲ್ಲಿ ಬಡವರಿಗೆ ಇರುವ ಹಕ್ಕು. ಸ್ವಇಚ್ಛೆಯ ದಾನಕ್ಕೆ ಸದಕಾ ಎಂಬ ಬೇರೆ ಹೆಸರಿದೆ. ಒಬ್ಬರ ಬಳಿ ನಿಸಾಬ್ ಎಂಬ ಕನಿಷ್ಠ ಮಿತಿಯಷ್ಟು ಸಂಪತ್ತು ಒಂದು ಚಾಂದ್ರಮಾನ ವರ್ಷ ಉಳಿದರೆ ಅದರ ನಲವತ್ತರಲ್ಲಿ ಒಂದು ಪಾಲು, ಅಂದರೆ ಶೇ. 2.5 ಕೊಡಬೇಕು. ಭಾರತದ ಹನಫಿ ವಿದ್ವಾಂಸರ ರೂಢಿಯಲ್ಲಿ ನಿಸಾಬ್ ಚಿನ್ನಕ್ಕೆ ಏಳೂವರೆ ತೊಲ, ಅಂದರೆ 87.48 ಗ್ರಾಂ, ಬೆಳ್ಳಿಗೆ ಐವತ್ತೆರಡೂವರೆ ತೊಲ, 612.36 ಗ್ರಾಂ.

ಜವಳಿ ಅಂಗಡಿಯವರೊಬ್ಬರ ಲೆಕ್ಕ ಹೀಗಿರಬಹುದು. ಬ್ಯಾಂಕಿನಲ್ಲಿ 1,80,000 ರೂಪಾಯಿ, ಮಾರಾಟಕ್ಕಿಟ್ಟ ಸರಕು ಈಗಿನ ಬೆಲೆಯಲ್ಲಿ 3,50,000; ಸಗಟು ವ್ಯಾಪಾರಿಗೆ ಕೂಡಲೇ ಕೊಡಬೇಕಾದ ಬಾಕಿ 1,30,000. ಹನಫಿ ಲೆಕ್ಕದಲ್ಲಿ ಬಾಕಿ ಕಳೆದು ಉಳಿಯುವ 4,00,000ಕ್ಕೆ 10,000 ರೂಪಾಯಿ ಜಕಾತ್. ವಾಸದ ಮನೆ, ಓಡಾಡುವ ಬೈಕು, ಅಂಗಡಿಯ ಕಪಾಟು ಲೆಕ್ಕಕ್ಕಿಲ್ಲ. ಹೆಂಗಸರು ತೊಡುವ ಒಡವೆಗೆ ಹನಫಿಗಳು ಜಕಾತ್ ಹಾಕುತ್ತಾರೆ, ಮಿತಿಯಲ್ಲಿ ತೊಡುವ ಒಡವೆಗೆ ಶಾಫಿಗಳು ಹಾಕುವುದಿಲ್ಲ. ಮನೆಯೊಳಗೆ ಹೆಚ್ಚು ಚರ್ಚೆಗೆ ಬರುವ ಪ್ರಶ್ನೆ ಇದೇ. ಮಾರ್ಚ್ 31ರ ಲೆಕ್ಕಪತ್ರವನ್ನೇ ಆಧಾರವಾಗಿ ಹಿಡಿಯುವವರು ವರ್ಷ 11 ದಿನ ಉದ್ದವಾಗುವುದರಿಂದ ಶೇ. 2.577 ಎಂದು ಲೆಕ್ಕ ಹಾಕುವುದೂ ಉಂಟು. ರೈತರ ಫಸಲಿಗೆ ದರ ಬೇರೆ: ಮಳೆಯಾಶ್ರಯದ ಬೆಳೆಗೆ ಹತ್ತರಲ್ಲೊಂದು, ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು. ದುಡಿಮೆ ಹೆಚ್ಚಿದಲ್ಲಿ ತೆರಿಗೆ ಅರ್ಧಕ್ಕೆ ಇಳಿಯುವ ಈ ವಿವೇಕ ನನಗೆ ಬಹಳ ಮೆಚ್ಚಿಗೆಯಾದದ್ದು.

ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು ಸೇರಿ ಎಂಟು ವರ್ಗದವರಿಗೆ ಇದು ಸಲ್ಲಬೇಕೆಂದು ಕುರ್‌ಆನ್ ಹೇಳುತ್ತದೆ. ತನ್ನ ತಂದೆತಾಯಿಗೆ, ಮಕ್ಕಳಿಗೆ ಜಕಾತ್ ಕೊಡುವಂತಿಲ್ಲ, ಏಕೆಂದರೆ ಅವರನ್ನು ನೋಡಿಕೊಳ್ಳುವುದು ಹೇಗೂ ಅವನ ಹೊಣೆ. ರಂಜಾನ್ ಹಬ್ಬದ ನಮಾಜಿಗೆ ಮೊದಲು ಮನೆಯ ತಲೆಗೊಂದರಂತೆ ಧಾನ್ಯ ಅಥವಾ ಅದರ ಬೆಲೆ ಕೊಡುವ ಫಿತ್ರ್ ಬೇರೆಯದು. ಕರಾವಳಿಯಲ್ಲಿ ಅದು ಅಕ್ಕಿಯ ರೂಪದಲ್ಲಿಯೇ ಬಡವರ ಮನೆ ಸೇರುತ್ತದೆ.

ಏಳನೆಯ ಹಂತ: ಹಜ್

ದೇಹದಲ್ಲಿ ಶಕ್ತಿ, ಕೈಯಲ್ಲಿ ಸ್ವಂತ ಹಣ, ಮನೆಯವರಿಗೆ ಆಧಾರ ಇರುವವರಿಗೆ ಬಾಳಿನಲ್ಲಿ ಒಮ್ಮೆ ಕಡ್ಡಾಯ. ಗಂಡಸರು ಹೊಲಿಯದ ಎರಡು ಬಿಳಿ ಬಟ್ಟೆಗಳ ಇಹ್ರಾಮ್ ತೊಡುತ್ತಾರೆ. ಜಿದ್ದಾಕ್ಕೆ ಹೋಗುವ ವಿಮಾನ ಹಾದಿಯಲ್ಲಿಯೇ, ಇಹ್ರಾಮ್ ಇಲ್ಲದೆ ಯಾತ್ರಿಕರು ದಾಟಬಾರದ ಗಡಿಯನ್ನು ದಾಟುವುದರಿಂದ, ನೇರವಾಗಿ ಮಕ್ಕಾಕ್ಕೆ ಹೋಗುವ ನಮ್ಮ ರಾಜ್ಯದ ಯಾತ್ರಿಕರು ಬೆಂಗಳೂರಿನಲ್ಲಿಯೇ ಅದನ್ನು ಉಟ್ಟು ಹೊರಡುತ್ತಾರೆ. ಮಕ್ಕಾದಲ್ಲಿ ಕಾಬಾಕ್ಕೆ ಏಳು ಸುತ್ತಿನ ತವಾಫ್, ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವ ಸಈ ಇರುತ್ತವೆ. ಹಸುಗೂಸು ಇಸ್ಮಾಯಿಲನಿಗೆ ನೀರು ಹುಡುಕುತ್ತ ತಾಯಿ ಹಾಜರಾ ಅತ್ತಿಂದಿತ್ತ ಓಡಿದ್ದರ ನೆನಪು ಅದು. ಲಕ್ಷಾಂತರ ಗಂಡಸರು ಒಬ್ಬ ತಾಯಿಯ ಹೆಜ್ಜೆಯ ಮೇಲೆ ಹೆಜ್ಜೆ ಇಡುವ ವಿಧಿಯಿದು ಎಂಬುದನ್ನು ಎತ್ತಿ ಹೇಳುವವರು ಕಡಿಮೆ.

ದುಲ್‌ಹಜ್ ತಿಂಗಳ 8ರಂದು ಮಿನಾದ ಡೇರೆಗಳಿಗೆ, 9ರಂದು ಅರಫಾತ್ ಬಯಲಿಗೆ. ಅಲ್ಲಿ ಮಧ್ಯಾಹ್ನದಿಂದ ಸೂರ್ಯಾಸ್ತದವರೆಗೆ ನಿಂತು ಪ್ರಾರ್ಥಿಸುವುದೇ ಹಜ್ಜಿನ ಜೀವಾಳ, ಅದು ತಪ್ಪಿದರೆ ಹಜ್ ಇಲ್ಲ. ರಾತ್ರಿ ಮುಜ್ದಲಿಫಾದಲ್ಲಿ ತಂಗಿ ಕಲ್ಲುಗಳನ್ನು ಆಯ್ದುಕೊಂಡು, 10ರಂದು ಶೈತಾನನ ಸಂಕೇತವಾದ ದೊಡ್ಡ ಜಮ್ರಾಕ್ಕೆ ಏಳು ಕಲ್ಲೆಸೆದು, ಬಲಿ ಕೊಟ್ಟು, ತಲೆ ಬೋಳಿಸಿ, ಮತ್ತೆ ತವಾಫ್ ಮಾಡುತ್ತಾರೆ. 11 ಮತ್ತು 12ರಂದು ಮೂರೂ ಜಮ್ರಾಗಳಿಗೆ ಏಳೇಳರಂತೆ ಎಸೆಯುವುದರಿಂದ ಒಬ್ಬರಿಗೆ 49 ಕಲ್ಲು ಬೇಕು, 13ರಂದೂ ಉಳಿದರೆ 70. ಆಯಾ ಕಡೆಯ ಚಂದ್ರದರ್ಶನದ ಲೆಕ್ಕದಲ್ಲಿ ಆ ತಿಂಗಳ ಹತ್ತನೆಯ ದಿನವೇ ಜಗತ್ತಿನ ಉಳಿದೆಡೆ ಬಕ್ರೀದ್. ಇಬ್ರಾಹಿಮರ ತ್ಯಾಗದ ನೆನಪಿನ ಬಲಿಯ ಮಾಂಸವನ್ನು ಮನೆಗೆ, ಬಂಧುಗಳಿಗೆ, ಬಡವರಿಗೆ ಎಂದು ಮೂರು ಪಾಲು ಮಾಡುವುದು ವಾಡಿಕೆ.

ಎಂಟನೆಯ ಹಂತ: ಧರ್ಮವಿಧಿ ಮತ್ತು ಊರಿನ ರೂಢಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಎಂದರೆ ಅಲಾಯಿ ಕುಣಿಯ ಕೆಂಡ, ಪಂಜಾ ಎಂಬ ಲೋಹದ ಹಸ್ತಗಳ ಮೆರವಣಿಗೆ, ಹೆಜ್ಜೆಕುಣಿತ, ಕರ್ಬಲಾದ ಪದಗಳು. ಮುದಗಲ್ಲಿನ ಮೊಹರಂ ಹೆಸರಾದದ್ದು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಅನ್ಯಧರ್ಮೀಯರೇ ಅದನ್ನು ನಡೆಸುತ್ತಾರೆ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಸೂಫಿ ಸಂತ ಬಂದೇ ನವಾಜರ ದರ್ಗಾದ ಉರುಸಿಗೆ ಎಲ್ಲ ಮತದವರೂ ಸೇರುತ್ತಾರೆ. ಇವು ಮೇಲಿನ ಐದು ಕಡ್ಡಾಯ ವಿಧಿಗಳಲ್ಲಿ ಸೇರಿಲ್ಲ. ದರ್ಗಾ ಸಂದರ್ಶನವನ್ನು ಭಕ್ತಿಯೆನ್ನುವ ಮುಸ್ಲಿಮರೂ ಇದ್ದಾರೆ, ತಪ್ಪೆನ್ನುವವರೂ ಇದ್ದಾರೆ. ನೋಡಿದ್ದನ್ನೆಲ್ಲ ‘ಇಸ್ಲಾಂ ಹೀಗೆ ಹೇಳುತ್ತದೆ’ ಎಂದು ಬರೆಯುವ ಮೊದಲು, ಇದಕ್ಕೆ ಆಧಾರ ಕುರ್‌ಆನೋ ಹದೀಸೋ ಪಂಥವೋ ಊರಿನ ರೂಢಿಯೋ ಎಂದು ಕೇಳಿಕೊಳ್ಳಬೇಕು. ಮಸೀದಿಗೆ ಹೆಂಗಸರ ಪ್ರವೇಶವೂ ಹಾಗೆಯೇ: ಪ್ರವಾದಿಯ ಕಾಲದ ಮದೀನಾದಲ್ಲಿ ಅವರು ಹಿಂದಿನ ಸಾಲುಗಳಲ್ಲಿ ನಿಲ್ಲುತ್ತಿದ್ದರು, ನಮ್ಮ ರಾಜ್ಯದ ಹಲವು ಮಸೀದಿಗಳಲ್ಲಿ ಇಂದಿಗೂ ಅವರಿಗೆ ಜಾಗವಿಲ್ಲ.

ಮಸೀದಿ ನೋಡಲು ಹೋಗುವವರು ನಮಾಜಿನ ಹೊತ್ತು ಬಿಟ್ಟು, ಮೊದಲೇ ಕೇಳಿಕೊಂಡು, ಮೈತುಂಬ ಬಟ್ಟೆಯುಟ್ಟು, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ನಮಾಜ್ ಮಾಡುತ್ತಿರುವವರ ಮುಂದೆ ಹಾದುಹೋಗಬಾರದು. ‘ಅಸ್ಸಲಾಮು ಅಲೈಕುಮ್’ ಎಂದವರಿಗೆ ‘ವ ಅಲೈಕುಮುಸ್ಸಲಾಮ್’ ಎನ್ನಬಹುದು, ನಮಸ್ಕಾರವೂ ನಡೆಯುತ್ತದೆ. ಇಫ್ತಾರಿಗೆ ಕರೆ ಬಂದರೆ ಮಗ್ರಿಬಿಗೆ ಹತ್ತು ನಿಮಿಷ ಮೊದಲೇ ತಲುಪಿ. ತಟ್ಟೆಯಲ್ಲಿ ಖರ್ಜೂರ, ಹಣ್ಣು, ಶರಬತ್ತು ಎಲ್ಲ ಇದ್ದರೂ ಬಾಂಗು ಆಗುವವರೆಗೆ ಯಾರೂ ಮುಟ್ಟುವುದಿಲ್ಲ, ಆ ಹೊತ್ತಿನಲ್ಲಿ ಮಾತು ತಾನಾಗಿ ಕಡಿಮೆಯಾಗಿರುತ್ತದೆ. ಬಾಂಗು ಆದೊಡನೆ ಖರ್ಜೂರ ತಿಂದು ನೀರು ಕುಡಿದು ಮನೆಯವರು ನಮಾಜಿಗೆ ಎದ್ದು ಹೋಗುತ್ತಾರೆ. ಅತಿಥಿಯನ್ನು ಒಂಟಿಯಾಗಿ ಬಿಟ್ಟರೆಂದು ಬೇಸರಪಟ್ಟುಕೊಳ್ಳಬೇಡಿ, ಹತ್ತು ನಿಮಿಷದಲ್ಲಿ ಮರಳಿ ಬರುತ್ತಾರೆ, ಬಿರಿಯಾನಿ ಬರುವುದು ಆಮೇಲೆ.